ಪಡುವಣದ ಹಲಗೆ

ಉಗಿಬಂಡಿಯ ಹಳಿ ಇನ್ನೂ ನಮ್ಮ ಕಡೆಗೆ ಬಂದಿರದ ಕಾಲದ ಮಾತು. ಬಡಗಣ ಕಡಲು ಎಂದು ಕರೆಯುವ ಕಡಲಿನ ಮೂಡಣ ತೀರದಲ್ಲಿ, ಉಬ್ಬರದ ನೀರಿಗಿಂತ ತಗ್ಗಾದ ನೆಲದಲ್ಲಿ ಹೋಲ್ಮರ್‌ಕೋಗ್ ಎಂಬ ಊರು. ಊರೆಂದರೆ ಒತ್ತಾಗಿ ಕಟ್ಟಿದ ಕೇರಿಯಲ್ಲ. ಅಲ್ಲೊಂದು ಇಲ್ಲೊಂದು ಮಣ್ಣಿನ ದಿಬ್ಬ, ದಿಬ್ಬದ ನೆತ್ತಿಯ ಮೇಲೆ ಒಂದೊಂದು ಮನೆ, ನಡುವೆ ಕಾಲುವೆಗಳು ಗೆರೆ ಎಳೆದ ಹುಲ್ಲುಗಾವಲು. ಪಡುವಣಕ್ಕೆ ಕಡಲ ಒಡ್ಡು. ಒಡ್ಡಿನಾಚೆ ಉಪ್ಪುಹುಲ್ಲಿನ ಬಯಲು, ಅದರಾಚೆ ಕೆಸರು, ಕೆಸರಿನಾಚೆ ನೀರು.

ಆ ಜನಕ್ಕೆ ಭಯವೆಂದರೆ ಪಡುವಣದ ಭಯ. ಬಿರುಗಾಳಿ ಬರುವುದು ಅಲ್ಲಿಂದ, ಜಡಿಮಳೆ ಅಲ್ಲಿಂದ, ಊರನ್ನು ನುಂಗಿದ ನೆರೆಗಳೆಲ್ಲ ಬಂದದ್ದೂ ಅಲ್ಲಿಂದಲೇ. ಹಾಗಾಗಿ ಮನೆಗಳ ಬಾಗಿಲು ಮೂಡಣಕ್ಕೆ, ಕೊಟ್ಟಿಗೆಯ ಬಾಗಿಲು ಮೂಡಣಕ್ಕೆ. ಪಡುವಣದ ಗೋಡೆಗೆ ಕಿಟಕಿ ಇಟ್ಟರೂ ಅಂಗೈಯಗಲ. ಇಗರ್ಜಿಯ ಗಂಟೆಗೋಪುರಕ್ಕೆ ನಾಲ್ಕು ದಿಕ್ಕಿಗೂ ಕಿಂಡಿಗಳಿದ್ದವು; ಅದರಲ್ಲಿ ಪಡುವಣದ ಕಿಂಡಿಗೆ ಹಿಂದಿನ ತಲೆಮಾರಿನವರು ದಪ್ಪ ಓಕ್ ಹಲಗೆ ಬಡಿದು ಮುಚ್ಚಿಬಿಟ್ಟಿದ್ದರು. ಕಡಲ ಗಾಳಿಯ ಉಪ್ಪು ಹೊಡೆದು ಹಳೆಯ ಗಂಟೆಯ ಕೀಲು ತಿಂದುಹೋಗಿತ್ತಂತೆ. ಅದೂ ಅಲ್ಲದೆ ಚಳಿಗಾಲದಲ್ಲಿ ಪಡುವಣಕ್ಕೆ ಯಾರು ಹೋಗುತ್ತಾರೆ? ಅತ್ತ ಕೇಳಿಸಿಕೊಳ್ಳಲು ಮೀನು ಬಿಟ್ಟರೆ ಯಾರೂ ಇಲ್ಲ ಎಂದು ನಗುತ್ತಿದ್ದರು.

ಗಂಟೆ ಬಾರಿಸುವ ಕೆಲಸ ವೀಬ್ಕೆಯದು. ಗಂಡ ತೀರಿಕೊಂಡ ಮೇಲೆ ಅವಳು ಸೋದರತ್ತೆ ಗೊಂಡೆಲಳ ಮನೆಗೆ, ಇಗರ್ಜಿಯ ದಿಬ್ಬಕ್ಕೆ ಬಂದು ನೆಲೆಸಿದ್ದಳು. ಗಂಟೆಯ ಹಗ್ಗ ಗೊಂಡೆಲತ್ತೆಯ ಗಂಡನ ಮನೆತನಕ್ಕೆ ಸೇರಿದ್ದು. ಅತ್ತೆಯ ಕಣ್ಣಿಗೆ ಪೊರೆ ಬಂದು, ತೋಳು ಒಣಗಿದ ಸೌದೆಯ ಹಾಗಾದ ಮೇಲೆ ಅದು ವೀಬ್ಕೆಯ ಕೈಗೆ ಬಂತು. ಆ ಮನೆಯಲ್ಲಿ ಇದ್ದ ಮೂರನೆಯ ಜೀವ ವೀಬ್ಕೆಯ ತಮ್ಮ ಮೊಮ್ಮೆ. ಊರ ಕುರಿ ಕಾಯುವವನು, ಮದುವೆಯಾಗದೆ ಉಳಿದವನು. ತಾಯಿ ಅವನನ್ನು ಹೆತ್ತು ಕಣ್ಣು ಮುಚ್ಚಿದಾಗ ಹಸುಗೂಸನ್ನು ಎದೆಗವಚಿಕೊಂಡು ಬಂದು ಸಾಕಿದವಳು ಗೊಂಡೆಲತ್ತೆ. ಅವನ ತಲೆ ನರೆತ ಮೇಲೂ ಅವಳಿಗೆ ಅವನು "ನಮ್ಮ ಹುಡುಗ"ನೇ.

ಆ ಊರಲ್ಲಿ ಗಂಟೆಗೆ ಹೇಳಿ ಹೋಗುವುದು ಎಂಬ ಪದ್ಧತಿಯಿತ್ತು. ಚಳಿಗಾಲದಲ್ಲಿ ಬಯಲು ದಾಟಿ ಹೋಗುವವರು ಮೊದಲು ಗಂಟೆಯವಳ ಬಾಗಿಲಿಗೆ ಬಂದು, ಇಂಥಲ್ಲಿಗೆ ಹೊರಟೆ ಎಂದು ಹೇಳಬೇಕು. ತಿರುಗಿ ಬಂದಾಗ, ಬಂದೆ ಎಂದು ಹೇಳಬೇಕು. ನಡುವೆ ಮಂಜೋ ಹಿಮವೋ ಕವಿದರೆ ಹೇಳಿ ಹೋದವರು ಮರಳುವ ತನಕ ಗಂಟೆ ನಿಲ್ಲಕೂಡದು. ಹೊರಗೆ ಸಿಕ್ಕಿಬಿದ್ದವರಿಗೂ ಕಟ್ಟಳೆಯಿತ್ತು: ಕಣ್ಣು ಕಾಣದಾದಾಗ ಕೈಗೆ ಸಿಕ್ಕಿದ್ದನ್ನು, ಬೇಲಿಯೋ ಒಡ್ಡೋ, ಹಿಡಿದು ಅಲ್ಲೇ ನಿಲ್ಲು, ಗಂಟೆ ಕೇಳಿಸಿದರೆ ಅದರತ್ತ ನಡೆ, ಗಂಟೆ ನಿಂತರೆ ನೀನೂ ನಿಲ್ಲು. ಹಿಮ ಬಿದ್ದಾಗ ಕಾಲುವೆಯೂ ಹುಲ್ಲುಗಾವಲೂ ಒಂದೇ ಸಮವಾಗಿ ಕಾಣುವ ನೆಲ ಅದು. ಗಂಟೆಯಿಲ್ಲದೆ ನಡೆದವರು ಹಿಮ ಕರಗಿದ ಮೇಲೆ ಕಾಲುವೆಯಲ್ಲಿ ಸಿಕ್ಕಿದ್ದರು. ಮಕ್ಕಳಿಗೆ ಪ್ರಾರ್ಥನೆ ಕಲಿಸುವ ಮೊದಲೇ ಇದನ್ನು ಕಲಿಸುತ್ತಿದ್ದರು.

ಕ್ರಿಸ್ಮಸ್ ಕಳೆದು ಹೊಸ ವರ್ಷ ಇನ್ನೂ ಬಂದಿರಲಿಲ್ಲ. ಅಂದು ಬೆಳಿಗ್ಗೆ ಬೆಚ್ಚನೆಯ ಜಿನುಗು ಮಳೆ. ಗಾಳಿ ಎಂದಿನಂತೆ ಪಡುವಣದ್ದು. ದಾರಿಯೆಲ್ಲ ರೊಚ್ಚೆ. ಮೂಡಣದ ಪಕ್ಕದ ದಿಬ್ಬದ ಕೆಟೆಲ್ ಗಾಡಿ ಹೂಡಿಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದ.

"ವೀಬ್ಕಕ್ಕಾ, ಗಂಟೆಗೆ ಹೇಳ್ಬಿಡಿ. ಗೇಷೆನ್ನ ಕರ್ಕೊಂಡು ಬರೋಕೆ ಹೊರಟೆ. ಕತ್ತಲಾಗೋದ್ರೊಳಗೆ ಇಬ್ರೂ ಬಂದ್ಬಿಡ್ತೀವಿ."

"ಹಬ್ಬಕ್ಕೆ ತವರಿಗೆ ಹೋದೋಳು ಇಷ್ಟು ಬೇಗ ಬರ್ತಾಳೇನೋ?" ಎಂದಳು ಒಲೆಯ ಪಕ್ಕದಿಂದ ಗೊಂಡೆಲತ್ತೆ. "ಅವಳಮ್ಮನ ಮನೇಲಿ ಬಾತುಕೋಳಿ ಇನ್ನೂ ಮುಗಿದಿರಲ್ಲ."

"ಬರ್ತಾಳೆ ಅತ್ತೆ. ನಾನು ಮಾಡಿದ ಗಂಜಿನ ನಾಯಿ ಕೂಡ ಮೂಸ್ತಿಲ್ಲ ಅಂತ ಹೇಳಿ ಕಳಿಸಿದ್ದೀನಿ. ಕರುಣೆ ಬಂದೇ ಬರುತ್ತೆ."

"ಕರುಣೆ ಬಂದ್ರೂ ನಾಯಿ ಮೇಲೆ ಬರುತ್ತೆ, ನಿನ್ನ ಮೇಲಲ್ಲ."

ಕೆಟೆಲ್ ನಗುತ್ತ ಕುದುರೆಯನ್ನು ಹೊರಡಿಸಿದ. ಮೊಮ್ಮೆ ಅಷ್ಟರಲ್ಲಿ ಮೆಟ್ಟಿಲಲ್ಲಿ ಕೂತು ಮರದ ಜೋಡಿನೊಳಗೆ ಹುಲ್ಲು ತುರುಕಿಕೊಳ್ಳುತ್ತಿದ್ದ.

"ನೀನೂ ಹೇಳಿ ಹೋಗೋ," ಎಂದಳು ವೀಬ್ಕೆ.

"ನಾನೇನು ಪೇಟೆಗೆ ಹೋಗ್ತಿದ್ದೀನಾ ಅಕ್ಕ? ಒಡ್ಡಿಗೆ ಹೋಗೋನು. ಕುರಿನ ಗಾಳಿಮರೆಗೆ ಹಾಕಿ ಬರೋದು, ಅಷ್ಟೇ. ಒಡ್ಡೂ ಅಲ್ಲೇ ಇರುತ್ತೆ, ನಾನೂ ಅಲ್ಲೇ ಇರ್ತೀನಿ."

"ಹೇಳಿದ್ರೆ ನಾಲಿಗೆ ಸವೆಯುತ್ತಾ?"

"ದಿನಾ ಹೇಳಿ ದಿನಾ ಬಂದೆ ಅಂದ್ರೆ ನಿನ್ನ ಗಂಟೆಗೇ ಬೇಜಾರಾಗುತ್ತೆ," ಎಂದು ಎದ್ದ. ಗೊಂಡೆಲತ್ತೆ ಒಂದು ತುಂಡು ರೈ ರೊಟ್ಟಿಯನ್ನೂ ಹೊಗೆಯಾಡಿಸಿದ ಕುರಿಮಾಂಸವನ್ನೂ ಬಟ್ಟೆಯಲ್ಲಿ ಸುತ್ತಿ ತಡಕಾಡುತ್ತ ಅವನ ಜೇಬಿಗೆ ತುರುಕಿದಳು. ಅವನು ಅವಳ ಕೆನ್ನೆ ಹಿಂಡಿ ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಮಳೆಯೂ ನಿಂತಿತು. ವೀಬ್ಕೆ ಬೆರಣಿ ತರಲು ಹೊರಗೆ ಬಂದವಳು ಸುಮ್ಮನೆ ನಿಂತಳು. ಅಷ್ಟು ಸದ್ದಿಲ್ಲದ ಊರನ್ನು ಅವಳು ಕಂಡೇ ಇರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕೊರಳಿನ ಸರಪಳಿ ಎಳೆದಾಡುತ್ತಿತ್ತು. ಆಮೇಲೆ ಅವಳ ಎಡಗೆನ್ನೆಗೆ, ಯಾವತ್ತೂ ಗಾಳಿ ತಾಗದ ಕಡೆಯಿಂದ, ತಣ್ಣನೆಯ ಒಂದು ಉಸಿರು ತಾಗಿತು. ಮೂಡಣದ ಅಂಚು ಸೀಸದ ಬಣ್ಣಕ್ಕೆ ತಿರುಗಿತ್ತು.

ಬೆರಣಿಯ ಬುಟ್ಟಿಯನ್ನು ಒಳಗಿಟ್ಟು ಮತ್ತೆ ಬಾಗಿಲಿಗೆ ಬರುವಷ್ಟರಲ್ಲಿ ಅಂಗಳದ ರೊಚ್ಚೆ ಕಲ್ಲಾಗಿತ್ತು. ಹುಲ್ಲುಮಾಡಿನಿಂದ ಜಾರುತ್ತಿದ್ದ ಹನಿಗಳು ಜಾರುತ್ತಿರುವಂತೆಯೇ ಹೆಪ್ಪುಗಟ್ಟಿ ನಿಂತಿದ್ದವು. ಹಿಂದೆಯೇ ಹಿಮ ಬಂತು. ಅದು ಮೇಲಿನಿಂದ ಬೀಳಲಿಲ್ಲ; ಮೂಡಣದಿಂದ ನೆಲಕ್ಕೆ ಸಮನಾಗಿ, ಹಿಟ್ಟಿನ ಮೂಟೆ ಒಡೆದು ಎರಚಿದ ಹಾಗೆ ನುಗ್ಗಿ ಬಂತು. ಪಕ್ಕದ ದಿಬ್ಬ ಮಾಯವಾಯಿತು. ಬೇಲಿ ಮಾಯವಾಯಿತು. ಊರಿನ ಮನೆಬಾಗಿಲುಗಳೆಲ್ಲ ಮೂಡಣಕ್ಕಿದ್ದವಲ್ಲ, ಎಲ್ಲದರ ಮುಂದೆಯೂ ಹಿಮ ಗೋಡೆ ಕಟ್ಟತೊಡಗಿತು. ಒಂದು ದಿಬ್ಬದವರು ಇನ್ನೊಂದು ದಿಬ್ಬಕ್ಕೆ ಹೋಗುವುದಿರಲಿ, ತಮ್ಮ ಹೊಸ್ತಿಲು ದಾಟುವುದೂ ಆಗದ ಹಾಗಾಯಿತು. ಪಾದ್ರಿಗಳು ಹಬ್ಬಕ್ಕೆಂದು ತಂಗಿಯ ಊರಿಗೆ ಹೋಗಿದ್ದರು. ಇಗರ್ಜಿಯ ದಿಬ್ಬದಲ್ಲಿ ಇದ್ದವರು ಇಬ್ಬರು ಹೆಂಗಸರು ಮಾತ್ರ.

"ಕೆಟೆಲ್, ಗೇಷೆ," ಎಂದಳು ವೀಬ್ಕೆ ಶಾಲು ಬಿಗಿದುಕೊಳ್ಳುತ್ತ.

"ಹೋಗು ಹೋಗು," ಎಂದಳು ಅತ್ತೆ. "ನಮ್ಮ ಹುಡುಗನ ಚಿಂತೆ ಬೇಡ. ಒಡ್ಡು ಹಿಡ್ಕೊಂಡು ನಿಂತಿರ್ತಾನೆ. ಗಂಟೆ ಕೇಳಿಸಿದ್ರೆ ಎದ್ದು ಬರ್ತಾನೆ."

ಬಾಗಿಲು ತೆರೆಯಲಿಲ್ಲ. ವೀಬ್ಕೆ ಬಡಗಣದ ಕಿಟಕಿಯಿಂದ ನುಸುಳಿ, ಬಟ್ಟೆ ಒಣಹಾಕುವ ಹಗ್ಗ ಹಿಡಿದು ಗೋಪುರದ ತೆಂಕಣ ಬಾಗಿಲು ಸೇರಿದಳು. ಕೂಗಳತೆಯ ಅರ್ಧವೂ ಇಲ್ಲದ ದಾರಿ. ಒಳಗೆ ಹೋದಾಗ ಕಣ್ರೆಪ್ಪೆಗಳು ಅಂಟಿಕೊಂಡು ಬಿಡಿಸಲಾಗಲಿಲ್ಲ. ಅವಳು ಕಣ್ಣು ಮುಚ್ಚಿಯೇ ಹಗ್ಗ ಹುಡುಕಿ ಹಿಡಿದು ಎಳೆದಳು.

ಬಾರಿಸುವುದಕ್ಕೂ ಒಂದು ಕ್ರಮವಿತ್ತು. ಒಂದಿಷ್ಟು ಹೊಡೆತ, ಆಮೇಲೆ ಒಂದು ಉಸಿರಿನಷ್ಟು ಬಿಡುವು. ಹೊರಗಿನವರು ದಿಕ್ಕು ಹಿಡಿಯಲೆಂದು ಹೊಡೆತ. ಅವರು ಕೂಗಿದರೆ ಕೇಳಿಸಲೆಂದು ಬಿಡುವು. ಹೊಡೆತದಲ್ಲಿ ವೀಬ್ಕೆ ಪ್ರಾರ್ಥಿಸುತ್ತಿದ್ದಳು, ಬಿಡುವಿನಲ್ಲಿ ಕಿವಿಗೊಡುತ್ತಿದ್ದಳು. ಅವಳ ಮಟ್ಟಿಗೆ ಪ್ರಾರ್ಥನೆಯೆಂದರೆ ಅದೇ ಎಂದು ಅವಳು ಹಿಂದೆಯೇ ತಿಳಿದುಕೊಂಡಿದ್ದಳು: ಕರೆಯುವುದು, ಆಮೇಲೆ ಸುಮ್ಮನಿದ್ದು ಕೇಳುವುದು. ಕೇಳಿದರೆ ಗಾಳಿಯ ಊಳು ಮಾತ್ರ ಕೇಳುತ್ತಿತ್ತು. ಹಗ್ಗಕ್ಕೆ ಹಿಮ ಹಿಡಿದು ಮುಳ್ಳುಮುಳ್ಳಾಯಿತು. ಕೈಗವಸಿನ ಉಣ್ಣೆ ಸವೆದು, ಅಂಗೈ ಸವೆದು, ಹಗ್ಗ ಕೆಂಪಾಗುತ್ತ ಬಂತು. ಕಿಂಡಿಯಿಂದ ಬರುತ್ತಿದ್ದ ಬೆಳಕು ಬೂದಿಯಾಗಿ, ಬೂದಿಯೂ ಕಪ್ಪಾಗತೊಡಗಿತು.

ಆಗ ಗೋಪುರದ ಬಾಗಿಲು ತುಸು ತೆರೆಯಿತು. ನೆಲದ ಮೇಲೆ ಏನೋ ತೆವಳಿಕೊಂಡು ಒಳಗೆ ಬಂತು. ಗೊಂಡೆಲತ್ತೆ. ತಲೆಯಿಂದ ಕಾಲಿನ ತನಕ ಬಿಳಿ. ಒಂದು ಕೈಯಲ್ಲಿ ಸೌದೆ ಸೀಳುವ ಕೊಡಲಿ.

"ಅತ್ತೆ! ನಿಮಗೇನು ಹುಚ್ಚಾ? ಹೇಗೆ ಬಂದ್ರಿ?"

"ಬಟ್ಟೆ ಹಗ್ಗ ಹಿಡ್ಕೊಂಡು ಬಂದೆ. ಕುರುಡಿಗೆ ಹಿಮ ಆದ್ರೇನು ಹಗಲಾದ್ರೇನು," ಎಂದಳು ಮುದುಕಿ ಏದುಸಿರು ಬಿಡುತ್ತ. "ಬಾರಿಸ್ತಾನೇ ಕೇಳು. ನಮ್ಮನೆಗೆ ಗಂಟೆ ಕೇಳಿಸ್ತಿಲ್ಲ ಕಣೆ."

"ಗಾಳಿ ಜೋರಿದೆ..."

"ಗಾಳಿ ನಮ್ಮನೆ ಕಡೆಗೇ ಬೀಸ್ತಿದೆ! ಗೋಪುರದಿಂದ ಪಡುವಣಕ್ಕೆ. ಸದ್ದನ್ನ ಹೊತ್ಕೊಂಡು ಬರ್ಬೇಕಾಗಿತ್ತು. ಕಂಬಳಿ ಹೊದಿಸಿ ಬಡಿದ ಹಾಗೆ ಕೇಳಿಸುತ್ತೆ, ಅದೂ ಕಿವಿ ಗೋಡೆಗಿಟ್ರೆ. ಹಲಗೆ ವೀಬ್ಕೆ, ನಮ್ಮ ಮಾವ ಹೊಡೆಸಿದ್ದಾನಲ್ಲ, ಆ ಹಲಗೆ!"

ವೀಬ್ಕೆ ಎಳೆಯುತ್ತಲೇ ಇದ್ದಳು. "ಪಡುವಣಕ್ಕೆ ಯಾರಿದ್ದಾರೆ ಅತ್ತೆ? ಮೊಮ್ಮೆ ಒಡ್ಡಿನ ಒಳಮಗ್ಗುಲಲ್ಲಿ..."

"ಗಾಳಿಮರೆಗೆ ಹಾಕ್ತೀನಿ ಅಂದ. ಇವತ್ತು ಗಾಳಿ ಎಲ್ಲಿಂದ ಬರ್ತಿದೆ? ಮರೆ ಯಾವ ಕಡೆ ಆಯ್ತು? ಹೇಳು ನೀನೇ!"

ಹಗ್ಗ ವೀಬ್ಕೆಯ ಕೈಯಲ್ಲಿ ಮೇಲೇರಿ ಇಳಿಯಿತು. ಅವಳಿಗೆ ಎಲ್ಲವೂ ಒಮ್ಮೆಗೇ ಕಂಡಿತು. ಗಾಳಿ ತಿರುಗಿದೊಡನೆ ಮೊಮ್ಮೆ ಕುರಿಗಳನ್ನು ಒಡ್ಡು ಹತ್ತಿಸಿ ಆಚೆಗೆ, ಕಡಲ ಮಗ್ಗುಲಿಗೆ ಇಳಿಸಿದ್ದಾನೆ. ಒಳ್ಳೆಯ ಕುರುಬ ಬೇರೇನು ಮಾಡುತ್ತಾನೆ? ಒಡ್ಡಿನ ನೆತ್ತಿಯನ್ನು ದಾಟಿದ ಹಿಮವೆಲ್ಲ ಬಂದು ಬೀಳುವುದೂ ಆ ಮರೆಯಲ್ಲೇ. ಅವನು ಅಲ್ಲಿ ಒಡ್ಡಿಗೆ ಬೆನ್ನು ಕೊಟ್ಟು, ಕಲಿಸಿದ ಕಟ್ಟಳೆಯಂತೆ, ಗಂಟೆಗಾಗಿ ಕಾಯುತ್ತಿದ್ದಾನೆ. ಕೇಳಿಸದ ಗಂಟೆಗಾಗಿ. ಅಕ್ಕ ಬಾರಿಸುತ್ತಾಳೆ ಎಂಬ ನಂಬಿಕೆಯಿಂದ ಕದಲದೆ ಕೂತಿದ್ದಾನೆ.

"ಕೊಡಲಿ ತಗೋ. ಹತ್ತು. ಒಡೆ."

"ಹಗ್ಗ ಬಿಟ್ರೆ ಕೆಟೆಲ್ ನಿಂತ್ಬಿಡ್ತಾನೆ. ಇಬ್ರೂ ಬಯಲಲ್ಲಿ ನಿಂತ್ಬಿಡ್ತಾರೆ. ಈ ಚಳೀಲಿ ನಿಂತವರು ಮತ್ತೆ ನಡೀತಾರಾ ಅತ್ತೆ?"

"ಅವರು ಬರೋದು ಬಿಟ್ಟು ಅಮ್ಮನ ಮನೇಲೇ ಉಳಿದಿರ್ತಾರೆ!"

"ಕೆಟೆಲ್ ಹೇಳಿ ಹೋಗಿದ್ದಾನೆ. ಬರ್ತೀನಿ ಅಂದಿದ್ದಾನೆ."

"ನನ್ನ ಹುಡುಗ ಹೇಳ್ಲಿಲ್ಲ ಅಂತ ಸಾಯಬೇಕಾ?" ಮುದುಕಿಯ ದನಿ ಒಡೆಯಿತು. "ನಿನ್ನ ಒಡಹುಟ್ಟಿದವನು ಕಣೆ! ನಿನ್ನ ಎದೇಲಿ ಏನಿದೆ, ಕಡಲ ಕೆಸರಾ? ಕೊಡಿಲ್ಲಿ ಹಗ್ಗ. ನಾನು ಬಾರಿಸ್ತೀನಿ. ನಲವತ್ತು ವರ್ಷ ನಾನೇ ಬಾರಿಸಿದ್ದು ಇದನ್ನ. ನೀನು ಹತ್ತು."

ವೀಬ್ಕೆ ಅವಳ ಕೈಗೆ ಹಗ್ಗ ಕೊಟ್ಟಳು. ಮುದುಕಿ ಎರಡೂ ಮುಷ್ಟಿಯಿಂದ ಹಿಡಿದು ಇಡೀ ಮೈಯ ಭಾರದಿಂದ ಜೋತುಬಿದ್ದಳು. ಮೇಲೆ ಗಂಟೆ ಅರೆಮನಸ್ಸಿನಿಂದ ಒಂದು ಸಲ ನುಡಿಯಿತು. ಮತ್ತೊಂದು ಸಲ. ವೀಬ್ಕೆ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಮೊದಲ ಅಟ್ಟ ದಾಟಿದಳು. ಎರಡನೆಯ ಏಣಿಯ ನಡುವಿನಲ್ಲಿ, ಹಲಗೆ ಹೊಡೆದ ಕಿಂಡಿ ತಲೆಯ ಮೇಲೆ ಕಪ್ಪಗೆ ಕಾಣುತ್ತಿರುವಾಗ, ಹೊಡೆತ ತಪ್ಪಿತು. ಅವಳು ಕಾದಳು. ಬಿಡುವಿನ ಒಂದು ಉಸಿರು ಮುಗಿಯಿತು. ಇನ್ನೊಂದೂ ಮುಗಿಯಿತು. ಗಂಟೆ ನುಡಿಯಲಿಲ್ಲ.

"ಅತ್ತೆ!"

ಮೇಲೆ ಹತ್ತಲು ಉಳಿದದ್ದು ಕೆಲವೇ ಮೆಟ್ಟಿಲು. ಆ ಓಕ್ ಹಲಗೆಗಳು ಎಷ್ಟು ದಪ್ಪವೆಂದು ಅವಳಿಗೆ ಗೊತ್ತಿತ್ತು. ದಣಿದ ಕೈಯಲ್ಲಿ ಅವು ಒಂದೆರಡು ಏಟಿಗೆ ಬಿಡುವಂಥವಲ್ಲ ಎಂಬುದೂ ಗೊತ್ತಿತ್ತು. ಮೂಡಣದ ಕಿಂಡಿಯಿಂದ ಹಿಮದ ಪುಡಿ ಅವಳ ಮುಖಕ್ಕೆ ಬಂದು ಬಡಿಯುತ್ತಿತ್ತು. ಆ ಕಿಂಡಿಯಾಚೆ ಎಲ್ಲೋ ಇಬ್ಬರು ಈಗಷ್ಟೇ ಹೆಜ್ಜೆ ನಿಲ್ಲಿಸಿ ಕಿವಿಗೊಟ್ಟಿದ್ದಾರೆ. ಮುಚ್ಚಿದ ಹಲಗೆಯಾಚೆ ಒಬ್ಬ ಆಗಿನಿಂದಲೂ ಕಿವಿಗೊಟ್ಟಿದ್ದಾನೆ. ದೇವರೇ, ಎಂದಳು ವೀಬ್ಕೆ. ಆಮೇಲೆ ಹೇಳಲು ಏನೂ ತೋಚಲಿಲ್ಲ. ಕೊಡಲಿಯ ಹಿಡಿ ಅವಳ ಪಕ್ಕೆಗೆ ಒತ್ತುತ್ತಿತ್ತು.

ಅವಳು ಇಳಿದಳು.

ಕೆಳಗೆ ಗೊಂಡೆಲತ್ತೆ ಹಗ್ಗದ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ವೀಬ್ಕೆ ಕೊಡಲಿಯನ್ನು ನೆಲಕ್ಕೆ ಹಾಕಿ, ಅವಳನ್ನು ದಾಟಿ ಹಗ್ಗ ಹಿಡಿದಳು. ಗಂಟೆ ತುಂಬು ದನಿಯಲ್ಲಿ ನುಡಿದು, ಮತ್ತೆ ನುಡಿದು, ಬಿಡುವು ಬಂದ ಮೇಲೆಯೇ ಅವಳು ಬಗ್ಗಿ ಅತ್ತೆಯ ಮೂಗಿನ ಹತ್ತಿರ ಕೈಯಿಟ್ಟು ನೋಡಿದ್ದು. ಉಸಿರಿತ್ತು. ಶಾಲು ತೆಗೆದು ಅವಳ ಮೇಲೆ ಹೊದಿಸಿದಳು. ಮತ್ತೆ ಎಳೆದಳು.

ಎಷ್ಟು ಹೊತ್ತು ಹೀಗೆ ಕಳೆಯಿತೆಂದು ಅವಳಿಗೆ ತಿಳಿಯಲಿಲ್ಲ. ಮುದುಕಿಗೆ ಎಚ್ಚರ ಬಂತು, ಗೋಡೆಗೊರಗಿ ಕೂತಳು. ಮೊದಲು ಬೈದಳು. ಹುಟ್ಟಿದ ಗಳಿಗೆಯಿಂದ ಹಿಡಿದು ಬೈದಳು. ಆಮೇಲೆ ಬೇಡಿಕೊಂಡಳು. ಆಮೇಲೆ ಬೈಗುಳವೂ ಬೇಡಿಕೆಯೂ ನಿಂತು, ಪ್ರತಿ ಬಿಡುವಿನಲ್ಲಿ "ಮೊಮ್ಮೆ" ಎಂದು ಮೆಲ್ಲಗೆ, ಮಗುವನ್ನು ನಿದ್ದೆಯಿಂದ ಎಬ್ಬಿಸುವ ಹಾಗೆ ಕರೆಯತೊಡಗಿದಳು. ಹೊಡೆತ, ಮೊಮ್ಮೆ, ಹೊಡೆತ, ಮೊಮ್ಮೆ. ವೀಬ್ಕೆಗೆ ಬೈಗುಳವನ್ನು ತಾಳಿಕೊಳ್ಳಲು ಆಗಿತ್ತು. ಇದು ಆಗಲಿಲ್ಲ. ಆದರೂ ಹಗ್ಗ ಬಿಡಲಿಲ್ಲ.

ಪೂರಾ ಕತ್ತಲಾದ ಮೇಲೆ ಒಂದು ಬಿಡುವಿನಲ್ಲಿ ಬಾಗಿಲಿಗೆ ಏನೋ ಬಡಿಯಿತು. ಕೆಟೆಲ್ ಹೆಂಡತಿಯನ್ನು ಕಂಕುಳಡಿ ಹಿಡಿದು ಎಳೆದುಕೊಂಡೇ ಒಳಗೆ ಬಂದು ಬಿದ್ದ. ಅವನ ಗಡ್ಡ ಒಂದೇ ಗಡ್ಡೆಯಾಗಿತ್ತು. ಗೇಷೆಯ ಒಂದು ಕಾಲಿನಲ್ಲಿ ಜೋಡಿರಲಿಲ್ಲ.

"ಬಂದೆ," ಎಂದ. ಪದ್ಧತಿಯ ಮಾತು ಮೊದಲು ಬಾಯಿಗೆ ಬಂತು. "ಬಂದ್ವಿ ವೀಬ್ಕಕ್ಕ. ಕುದುರೆ ಹೋಯ್ತು. ಗಾಡಿ ಸಮೇತ ಕಾಲುವೇಲಿ. ನಡುವೆ ಒಂದ್ಸಲ ಗಂಟೆ ನಿಂತಿತಲ್ಲ, ಆಗ ಇವಳು ಕೂತೇಬಿಟ್ಟಳು. ಇನ್ನಾಗಲ್ಲ, ಮಲಗ್ತೀನಿ ಅಂದಳು. ಕೆನ್ನೆಗೆ ಹೊಡೆದೆ, ಏಳ್ಲಿಲ್ಲ. ನಾನೂ ಪಕ್ಕದಲ್ಲಿ ಕೂರೋಣ ಅಂತಿದ್ದೆ. ಅಷ್ಟರಲ್ಲಿ ಮತ್ತೆ..."

"ಕೆಟೆಲ್," ಎಂದು ಅವನ ಮಾತನ್ನು ತಡೆದಳು ವೀಬ್ಕೆ. ಹಗ್ಗದಿಂದ ಬಿಡಿಸಲು ಹೋದರೆ ಬೆರಳುಗಳು ಬಿಚ್ಚಲಿಲ್ಲ. "ಮೊಮ್ಮೆ ಒಡ್ಡಿನಾಚೆ ಇದ್ದಾನೆ. ಪಡುವಣದ ಹಲಗೆ ಒಡೀಬೇಕು. ಹತ್ತೋಕಾಗುತ್ತಾ ನಿನಗೆ?"

ಕೆಟೆಲ್ ಅವಳನ್ನು ನೋಡಿದ. ಗೋಡೆಗೊರಗಿದ ಮುದುಕಿಯನ್ನು ನೋಡಿದ. ನೆಲದ ಮೇಲಿದ್ದ ಕೊಡಲಿಯನ್ನು ನೋಡಿದ. ಅವನು ಎಷ್ಟು ತಿಳಿದುಕೊಂಡನೋ, ಒಂದು ಮಾತೂ ಕೇಳದೆ ಕೊಡಲಿ ಎತ್ತಿಕೊಂಡು ಏಣಿಗೆ ಕಾಲಿಟ್ಟ.

ಮೇಲಿನಿಂದ ಏಟಿನ ಮೇಲೆ ಏಟು ಕೇಳಿಸಿತು. ಗಟ್ಟಿಮುಟ್ಟಾದ ಆಳಿಗೂ ತಡವಾಯಿತು. ಕೊನೆಗೆ ಒಂದು ಹಲಗೆ ಕಿರುಗುಟ್ಟಿ ಸೀಳಿತು, ಮತ್ತೊಂದು ಬಿತ್ತು. ಗಾಳಿ ಗೋಪುರವನ್ನು ಕೊಳಲಿನಂತೆ ಊದಿಕೊಂಡು ಆಚೆಗೆ ದಾಟಿತು. ವೀಬ್ಕೆ ಎಳೆದಳು. ಈ ಸಲ ಗಂಟೆಯ ದನಿ ಬೇರೆಯಾಗಿತ್ತು, ಬಾಯಿ ಕಟ್ಟಿದವನ ಬಟ್ಟೆ ಬಿಚ್ಚಿದ ಹಾಗೆ. ಗೊಂಡೆಲತ್ತೆ ತಲೆಯೆತ್ತಿದಳು.

"ಈಗ ಹೋಗ್ತಿದೆ," ಎಂದಳು. "ಈಗ ಅವನಿಗೆ ಕೇಳಿಸುತ್ತೆ."

ಬೆಳಗಿನ ತನಕ ಅವರು ಸರದಿಯ ಮೇಲೆ ಬಾರಿಸಿದರು. ಗೇಷೆ ಕೂಡ ಚಿಂದಿ ಸುತ್ತಿದ ಕಾಲಿನಲ್ಲಿ ನಿಂತು ಬಾರಿಸಿದಳು. ಪ್ರತಿ ಬಿಡುವಿನಲ್ಲಿ ನಾಲ್ವರೂ ಉಸಿರು ಬಿಗಿಹಿಡಿದು ಬಾಗಿಲನ್ನೇ ನೋಡಿದರು. ಯಾರೂ ಬರಲಿಲ್ಲ.

ಗಾಳಿ ಇಳಿದು ಹೊರಗೆ ಕಾಲಿಡುವ ಹಾಗಾಗುವಷ್ಟರಲ್ಲಿ ಹೊಸ ವರ್ಷ ಬಂದಿತ್ತು. ಯಾರೂ ಯಾರಿಗೂ ಶುಭ ಕೋರಲಿಲ್ಲ. ದಿಬ್ಬಗಳ ಗಂಡಸರು ತಮ್ಮತಮ್ಮ ಮಾಡಿನ ಕಿಂಡಿಗಳಿಂದ ಹೊರಬಿದ್ದು, ಉದ್ದನೆಯ ಕೋಲುಗಳನ್ನು ಹಿಡಿದು ಒಡ್ಡಿನತ್ತ ಹೊರಟರು. ಕೆಟೆಲ್ ಮುಂದೆ ನಡೆದ. ಆಕಾಶ ನೀಲಿಯಾಗಿ, ನೆಲ ಕಣ್ಣು ಕುಕ್ಕುವಷ್ಟು ಬಿಳಿಯಾಗಿ, ಎಲ್ಲವೂ ತೊಳೆದಿಟ್ಟಂತೆ ಅಂದವಾಗಿತ್ತು. ಕಡಲ ಮಗ್ಗುಲಿನಲ್ಲಿ ಹಿಮ ಒಡ್ಡಿನ ನೆತ್ತಿಯ ತನಕ ತುಂಬಿತ್ತು. ಅದರ ಮೇಲೆ ಅಲ್ಲಲ್ಲಿ ಹಳದಿ ಅಂಚಿನ ಪುಟ್ಟ ತೂತುಗಳು: ಕೆಳಗೆ ಹೂತ ಕುರಿಗಳ ಉಸಿರು ಕರಗಿಸಿದ್ದು. ಅಗೆದರು. ಬದುಕಿದ ಕುರಿಗಳು ಕೆಲವು ಸಿಕ್ಕವು, ಸತ್ತವು ಬಹಳ. ಮೊಮ್ಮೆ ಅಲ್ಲಿರಲಿಲ್ಲ. ಅವನು ಕೂತಿದ್ದ ಗೂಡು ಮಾತ್ರ ಇತ್ತು, ಹಿಮದ ಗೋಡೆಯಲ್ಲಿ ಅವನ ಬೆನ್ನಿನ ಅಚ್ಚು ಹಾಗೇ ಉಳಿದಿತ್ತು.

ಅವನು ಸಿಕ್ಕಿದ್ದು ಒಡ್ಡಿನ ಒಳಮಗ್ಗುಲಲ್ಲಿ. ಒಡ್ಡು ಹತ್ತಿ, ಇಳಿದು, ಮೊದಲ ಕಾಲುವೆಯನ್ನು ದಾಟಿ, ಎರಡನೆಯದನ್ನು ಮುಟ್ಟುವ ಮೊದಲು ಮೊಣಕಾಲೂರಿದ್ದ. ಮುಖ ಇಗರ್ಜಿಯ ಕಡೆಗಿತ್ತು.

ಕೆಟೆಲ್ ಬಂದು ಹೇಳಿದ. ಟೋಪಿಯನ್ನು ಎದೆಗೆ ಒತ್ತಿ ಹಿಡಿದಿದ್ದ.

"ಅವನಿಗೆ ಕೇಳಿಸಿತ್ತು ವೀಬ್ಕಕ್ಕ. ಗಂಟೆ ಹಿಡಿದು ನೆಟ್ಟಗೆ ಬಂದಿದ್ದ. ಒಂದು ಹೆಜ್ಜೆನೂ ಸೊಟ್ಟ ಇರ್ಲಿಲ್ಲ."

ಸಮಾಧಾನದ ಮಾತೆಂದೇ ಅವನು ಆಡಿದ್ದು. ವೀಬ್ಕೆ ತಲೆಯಾಡಿಸಿದಳು. ಕೇಳಿಸಿತ್ತು ಎಂದರೆ ಹಲಗೆ ಒಡೆದಾಗ ಅವನು ಬದುಕಿದ್ದ. ಬದುಕಿದ್ದು, ಎದ್ದು, ಅಷ್ಟು ದೂರ ಬರುವ ಶಕ್ತಿ ಉಳಿದಿತ್ತು. ಇನ್ನು ಸ್ವಲ್ಪ ಮೊದಲು ಒಡೆದಿದ್ದರೆ ಇನ್ನು ಸ್ವಲ್ಪ ಶಕ್ತಿ ಉಳಿದಿರುತ್ತಿತ್ತು. ಆ ಲೆಕ್ಕವನ್ನು ಬಿಡಿಸಿ ಹೇಳಬೇಕಾದವರು ಯಾರೂ ಇರಲಿಲ್ಲ. ಕೆಟೆಲ್‌ಗೂ ಅದು ಹೊಳೆದಿರಬೇಕು. ಟೋಪಿ ಹಿಂಡುತ್ತ ನಿಂತೇ ಇದ್ದ.

"ನಾವು ಬರದೇ ಇದ್ದಿದ್ರೆ..." ಎಂದು ಶುರುಮಾಡಿದ.

"ಆ ಮಾತು ಆಡಬೇಡ. ನೀನು ಹೇಳಿ ಹೋಗಿದ್ದೆ. ಬಂದೆ."

ಆ ನಾಡಿನಲ್ಲಿ ಸತ್ತವರನ್ನು ಮನೆಯವರು ತೊಳೆಯುವುದಿಲ್ಲ, ಹತ್ತಿರದ ದಿಬ್ಬದವರು ತೊಳೆಯುತ್ತಾರೆ. ಸಾವಿನ ಗಂಟೆಯನ್ನು ಬಾರಿಸುವುದೂ ಅವರೇ. ಕೆಟೆಲ್ ಮೊಮ್ಮೆಯ ಗಡ್ಡದಿಂದ ಹಿಮ ತೆಗೆದ, ಬಿಸಿನೀರಿನಲ್ಲಿ ಕೈಕಾಲು ಒರೆಸಿದ, ಬಿಳಿಯ ಅಂಗಿ ತೊಡಿಸಿದ. ಜೇಬಿನಲ್ಲಿ ರೊಟ್ಟಿಯಿರಲಿಲ್ಲ, ಬಟ್ಟೆ ಮಾತ್ರ ಇತ್ತು. ಅಷ್ಟಾದರೂ ತಿಂದಿದ್ದ ಎಂದು ಗೇಷೆ ಅತ್ತಳು. ಮಾರನೆಯ ದಿನ ಪಾದ್ರಿಗಳು ಜಾರುಬಂಡಿಯಲ್ಲಿ ಬಂದು ಮುಟ್ಟಿದರು. ನೆಲ ಕಲ್ಲಾಗಿತ್ತು, ಬೆಂಕಿ ಹಾಕಿ ಮಣ್ಣನ್ನು ಸಡಿಲಿಸಿ ಕುಣಿ ತೋಡಿದರು. ವೀಬ್ಕೆ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೇರೊಬ್ಬರು ಬಾರಿಸುವ ತನ್ನ ಗಂಟೆಯನ್ನು ಕೇಳುತ್ತ ನಿಂತಳು. ಪಾದ್ರಿಗಳು ಏನೇನೋ ಒಳ್ಳೆಯ ಮಾತು ಆಡಿದರು. ದೇವರ ಚಿತ್ತ ಎಂದರು. ಅವಳಿಗೆ ಅದರಲ್ಲಿ ಸಂದೇಹವಿರಲಿಲ್ಲ. ದೇವರ ಚಿತ್ತವೂ ಏಣಿಯ ಮೇಲೆ ಅವಳ ಕಾಲುಗಳೂ ಆ ಗಳಿಗೆಯಲ್ಲಿ ಹೇಗೆ ಕೂಡಿಬಂದವು ಎಂಬುದಷ್ಟೇ ಅವಳಿಗೆ ತಿಳಿಯಬೇಕಾಗಿತ್ತು. ಅದನ್ನು ಅವರು ಹೇಳಲಿಲ್ಲ.

ಗೊಂಡೆಲತ್ತೆ ಕುಣಿಯ ಹತ್ತಿರ ಬರಲಿಲ್ಲ. ಅಂದಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ. ಒಲೆಯ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೊಟ್ಟ ಗಂಜಿ ಕೆನೆಗಟ್ಟುತ್ತಿತ್ತು.

ಸಂಸ್ಕಾರ ಮುಗಿಸಿ, ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸಿದ ಮೇಲೆ ವೀಬ್ಕೆ ಒಲೆಗೆ ಬೆರಣಿ ಹಾಕಿ ಅತ್ತೆಯ ಎದುರಿನ ಮಣೆಯಲ್ಲಿ ಕೂತಳು. ಹೊರಗೆ ಮಾಡಿನಿಂದ ಮೊದಲ ಹನಿ ಬಿತ್ತು. ಗಾಳಿ ಮತ್ತೆ ಪಡುವಣದಿಂದ ಬೀಸುತ್ತಿತ್ತು.

"ವೀಬ್ಕೆ," ಎಂದಳು ಮುದುಕಿ. ದನಿ ತುಕ್ಕು ಹಿಡಿದಂತಿತ್ತು.

"ಹೇಳಿ ಅತ್ತೆ."

"ಒಂದು ಕೇಳ್ತೀನಿ. ನನ್ನ ಮುಖ ನೋಡಿ ಕರುಣೆಗೆ ಅಂತ ಏನೂ ಹೇಳ್ಬೇಡ. ನನಗೆ ಕಣ್ಣಿಲ್ಲದಿದ್ರೂ ಗೊತ್ತಾಗುತ್ತೆ."

"ಕೇಳಿ."

"ಅವತ್ತು ಏಣಿ ಅರ್ಧ ಹತ್ತಿದ್ದೆ ನೀನು. ಇಳಿದೆ. ನಾನು ಬಿದ್ದೆ ಅಂತ ಇಳಿದ್ಯಾ, ಹಗ್ಗ ನಿಂತಿತು ಅಂತ ಇಳಿದ್ಯಾ?"

ಒಲೆಯಲ್ಲಿ ಬೆರಣಿ ಮೆಲ್ಲಗೆ ಕುಸಿಯಿತು. ನೀವು ಬಿದ್ದಿರಿ ಅಂತ ಎಂದುಬಿಟ್ಟರೆ ಎಷ್ಟು ಸುಲಭ ಎಂದು ವೀಬ್ಕೆಗೆ ಅನ್ನಿಸಿತು. ಯಾವ ಮನುಷ್ಯರೂ ಅದನ್ನು ತಪ್ಪೆನ್ನಲಾರರು. ಕಲ್ಲೆದೆಯವಳು ಎಂಬ ಹೆಸರೂ ಅಳಿಸಿಹೋಗುತ್ತದೆ.

"ಹಗ್ಗ ನಿಂತಿತು ಅಂತ," ಎಂದಳು. "ನೀವು ಬಿದ್ದಿರೋದನ್ನ ನೋಡಿದೆ. ದಾಟ್ಕೊಂಡು ಹೋಗಿ ಹಗ್ಗ ಹಿಡಿದೆ. ಆಮೇಲೆ ನಿಮ್ಮನ್ನ ನೋಡಿದ್ದು."

ಮುದುಕಿಯ ಹೆಗಲುಗಳು ಕೆಳಗಿಳಿದವು, ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ.

"ನಾನು ಬಿದ್ದಿದ್ರಿಂದ ಅವನು ಸತ್ತ ಅಂದ್ಕೊಂಡಿದ್ದೆ," ಎಂದಳು. "ನನ್ನ ಈ ಮುದಿ ಮೈಯನ್ನ ಎತ್ತೋಕೆ ಹೋಗಿ ನೀನು ಅವನನ್ನ ಬಿಟ್ಟೆ ಅಂತ. ಹಾಗಾಗಿದ್ರೆ ಈ ಗಂಜಿ ನನ್ನ ಗಂಟಲಲ್ಲಿ ಇಳೀತಿರ್ಲಿಲ್ಲ. ನಿನ್ನನ್ನ ಸಾಯೋ ತನಕ ಕ್ಷಮಿಸ್ತಿರ್ಲಿಲ್ಲ."

"ಈಗ ಕ್ಷಮಿಸ್ತೀರಾ ಅತ್ತೆ?"

"ಗೊತ್ತಿಲ್ಲ. ಈಗಲೇ ಕೇಳ್ಬೇಡ." ಅವಳು ಕೈಚಾಚಿ ಗಂಜಿಯ ಬಟ್ಟಲಿಗಾಗಿ ತಡಕಾಡಿದಳು. "ತಣ್ಣಗಾಗಿದೆ ಇದು. ಬಿಸಿ ಮಾಡಿ ಕೊಡು."

ವೀಬ್ಕೆ ಬಟ್ಟಲನ್ನು ಎರಡೂ ಮಣಿಕಟ್ಟುಗಳ ನಡುವೆ ಹಿಡಿದು ಎತ್ತಿಕೊಂಡು ಒಲೆಯತ್ತ ತಿರುಗಿದಳು.